ಆಪಾ ಬರೆದ ನಾಲ್ಕು ಹಾಳೆ

ಶಹನಾಜ್ ಆಪಾ, ನನ್ನ ಮೇಲೆ ಯಾರ ಒತ್ತಡವೂ ಇರಲಿಲ್ಲ. ನಿಮ್ಮ ಹೆಸರಿನ ಆ ಸುಳ್ಳು ವರದಿಯನ್ನು ಬರೆದವಳು ನಾನು, ನಾನಾಗಿಯೇ ಬರೆದೆ. ಮೇಲಿನವರು ಬರೆಸಿದರು ಎಂದು ನೀವು ಮೂರು ವರ್ಷದಿಂದ ನಂಬಿಕೊಂಡಿದ್ದೀರಿ — ಹಾಗೆ ನಂಬಲು ಬಿಟ್ಟವಳೂ ನಾನೇ. ಇದನ್ನು ಬರೆಯಲು ಕೂತು ನಾಲ್ಕು ಸಲ ಎದ್ದಿದ್ದೇನೆ. ಅಂಗಳ ಗುಡಿಸಿದೆ, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಇನ್ನು ಏಳುವುದಿಲ್ಲ.

ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಕಾಗದದ ಇನ್ನೊಂದು ಪ್ರತಿ ಏನೂ ಗೊತ್ತಿಲ್ಲದವರ ಕೈಗೆ ಹೋಗಬೇಕಾಗಿದೆ.

ದೇಶಕ್ಕೆಲ್ಲ ಹೊಸ ಪಠ್ಯಕ್ರಮ ಬರುತ್ತಿತ್ತು. ಅದಕ್ಕೆ ತಕ್ಕಂತೆ ಒಂದನೇ ತರಗತಿಗೆ ಹೊಸ ಪುಸ್ತಕದ ಕರಡು ತಯಾರಾಗಿತ್ತು. ಅಚ್ಚಿಗೆ ಹೋಗುವ ಮೊದಲು ಕೆಲವೇ ಶಾಲೆಗಳಲ್ಲಿ ಪಾಠ ಮಾಡಿ ನೋಡುವುದು, ಶಿಕ್ಷಕರು ಹೇಳಿದ ಹಾಗೆ ತಿದ್ದುವುದು ಎಂದು ತೀರ್ಮಾನವಾಯಿತು. ಅಫಜಲಪುರ ತಾಲ್ಲೂಕಿನಲ್ಲಿ, ಕರಜಗಿ ಹಾದಿಯ ನಿಮ್ಮ ಎರಡು ಕೋಣೆಯ ಶಾಲೆ ಆ ಪಟ್ಟಿಗೆ ಬಂತು. ನಾನು ಆ ಭಾಗದ ಸಿಆರ್‌ಪಿ — ಶಾಲೆ ಶಾಲೆ ಸುತ್ತಿ, ಶಿಕ್ಷಕರ ಅಭಿಪ್ರಾಯ ಕೂಡಿಸಿ, ಒಟ್ಟು ವರದಿ ಮಾಡಿ ಮೇಲಕ್ಕೆ ಕಳಿಸುವವಳು. ಅದಕ್ಕೂ ಮೊದಲು ನಾನು ನಿಮ್ಮ ಶಾಲೆಯಲ್ಲೇ ಹೊಸ ಟೀಚರ್ ಆಗಿದ್ದೆ. ಮಕ್ಕಳ ಮುಂದೆ ನಡುಗದೆ ನಿಲ್ಲುವುದನ್ನು ಕಲಿಸಿದವರು ನೀವು.

ನಮ್ಮಲ್ಲೊಂದು ಕೆಟ್ಟ ರೂಢಿ. ತರಬೇತಿಯ ಕೊನೆಯ ದಿನ ಎಲ್ಲರಿಂದ ಒಂದೆರಡು ಖಾಲಿ ನಮೂನೆಗೆ ಸಹಿ ಮಾಡಿಸಿ ಇಟ್ಟುಕೊಳ್ಳುತ್ತೇವೆ. ಮಾಹಿತಿ ಇವತ್ತೇ ಬೇಕು ಎಂದು ಫೋನ್ ಬಂದಾಗ ಸಹಿಗಾಗಿ ಊರೂರು ಅಲೆಯುವುದು ತಪ್ಪುತ್ತದಲ್ಲ! ನೀವು ಖಾಲಿ ಹಾಳೆಗೆ ಸಹಿ ಹಾಕುವವರೇ ಅಲ್ಲ. ಹೊಸ ಪುಸ್ತಕದ ತರಬೇತಿ ಮುಗಿದ ದಿನ ನಿಮ್ಮ ಬಸ್ಸು ಹೊರಟು ನಿಂತಿತ್ತು. “ಬ್ಯಾರೆ ಯಾರರೆ ಕೇಳಿದ್ರ ಕೊಡ್ತಿದ್ದಿಲ್ಲ ಬೇ ಮಹಾದೇವಿ. ನೀ ಅದಿ ಅಂತ ಹಾಕ್ತೇನಿ, ತಗೋ” ಎಂದು ಮೊಣಕಾಲ ಮೇಲೆ ಹಾಳೆ ಇಟ್ಟು ಸಹಿ ಮಾಡಿದಿರಿ.

ನಾಲ್ಕು ತಿಂಗಳು ಪಾಠ ಮಾಡಿದ ಮೇಲೆ ನೀವು ನಿಮ್ಮ ದುಂಡು ಅಕ್ಷರದಲ್ಲಿ ನಾಲ್ಕು ಹಾಳೆ ಬರೆದುಕೊಟ್ಟಿರಿ. ಮೂರನೇ ಪಾಠದಲ್ಲಿ ‘ಬೆಳಿಗ್ಗೆ ಏನು ತಿಂಡಿ ತಿಂದೆ?’ ಎಂದು ಮಕ್ಕಳನ್ನು ಕೇಳಬೇಕಿತ್ತು. ಇಡೀ ತರಗತಿ ತೆಪ್ಪಗೆ ಕೂತಿತಂತೆ. ಕೊನೆಗೆ ರೇಷ್ಮಾ ಎಂಬ ಹುಡುಗಿ ಎದ್ದು, “ನಾ ತಿಂಡಿ ತಿಂದಿಲ್ರಿ ಟೀಚರ್, ರೊಟ್ಟಿ ತಿಂದೇನಿ” ಎಂದಳಂತೆ. ಬೆಳಗಿನ ರೊಟ್ಟಿಗೆ ನಮ್ಮ ಕಡೆ ಯಾರೂ ತಿಂಡಿ ಎನ್ನುವುದಿಲ್ಲ. ಪುಸ್ತಕದ ಕನ್ನಡ ನಮ್ಮ ಕನ್ನಡದ ಮಕ್ಕಳಿಗೇ ದೂರ, ಇನ್ನು ಮನೆಯಲ್ಲಿ ದಖ್ಖನಿ ಉರ್ದು ಆಡುವ ನಿಮ್ಮ ಅರ್ಧ ತರಗತಿಯ ಪಾಡು ಕೇಳುವುದೇ ಬೇಡ. ಮಾತಿಗೆ ಎರಡೇ ವಾರ ಕೊಟ್ಟು ಪುಸ್ತಕ ಅಕ್ಷರಕ್ಕೆ ಜಿಗಿಯುತ್ತದೆ, ಎರಡು ತಿಂಗಳಾದರೂ ಕೊಡಿ, ಮನೆಮಾತಿನಲ್ಲಿ ಉತ್ತರ ಹೇಳಿದರೂ ಸರಿ ಅನ್ನಿ, ಮೊದಲು ಮಗು ಬಾಯಿ ಬಿಡಲಿ — ಇಷ್ಟೇ ನೀವು ಕೇಳಿದ್ದು. ಓದುತ್ತಾ ಖರೇ, ಖರೇ ಎಂದು ತಲೆ ಆಡಿಸಿದ್ದೆ. ಆಮೇಲೆ...

ಬೇರೆ ಶಾಲೆಗಳಿಂದೆಲ್ಲ ‘ಚೆನ್ನಾಗಿದೆ’ ಎಂದು ಬಂದಿತ್ತು. ನಿಮ್ಮದನ್ನು ಸೇರಿಸಿದರೆ ವರದಿ ತಿರುಗಿ ಬರುತ್ತದೆ, ನೂರೆಂಟು ಪ್ರಶ್ನೆ ಏಳುತ್ತವೆ, ಈಕೆಗೆ ಶಿಕ್ಷಕರನ್ನು ಸಂಭಾಳಿಸಲು ಬರುವುದಿಲ್ಲ ಎನ್ನುತ್ತಾರೆ — ಎಂದು ನಾನೇ ಅಂದುಕೊಂಡೆ. ಒಬ್ಬರೂ ಹಾಗೆ ಅಂದಿರಲಿಲ್ಲ, ಆಪಾ. ಎಲ್ಲರಿಗಿಂತ ಮೊದಲು ವರದಿ ಕೊಟ್ಟವರನ್ನು ಸಭೆಯಲ್ಲಿ ಹೆಸರು ಹಿಡಿದು ಹೊಗಳುತ್ತಿದ್ದರು. ನನಗೆ ಆ ಹೊಗಳಿಕೆ ಬೇಕಿತ್ತು. ಥೂ, ಇಷ್ಟು ಸಣ್ಣದಕ್ಕೆ! ನಿಮ್ಮ ಸಹಿಯಿದ್ದ ಖಾಲಿ ನಮೂನೆ ತೆಗೆದು, ‘ಎಲ್ಲ ಮಕ್ಕಳೂ ಮುಕ್ತವಾಗಿ ಮಾತಾಡುತ್ತಾರೆ. ಬದಲಾವಣೆ ಬೇಡ’ ಎಂದು ನನ್ನ ಕೈಯಿಂದಲೇ ತುಂಬಿದೆ. ನಾಲ್ಕು ಹಾಳೆಗಳನ್ನು ಹರಿದು ಒಲೆಗೆ ಹಾಕಿ ಚಹಾ ಕಾಸಿದೆ, ಕುಡಿದೆ ಕೂಡ.

ವರದಿಗಳು ನಿಜವೋ ಸುಳ್ಳೋ ಎಂದು ನೋಡಲು ಇಬ್ಬರು ಅಧಿಕಾರಿಗಳು ಬರುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಬಂದರು. ನಿಮ್ಮ ಮಕ್ಕಳನ್ನು ಕೂಡಿಸಿ ಮಾತಾಡಿಸಿದರು, ಅರ್ಧದಷ್ಟು ಮಕ್ಕಳು ತುಟಿ ಬಿಚ್ಚಲಿಲ್ಲ. ಅಧಿಕಾರಿಗಳಲ್ಲಿ ದೊಡ್ಡವರು ನಮೂನೆಯನ್ನು ಗಟ್ಟಿಯಾಗಿ ಓದಿ, ಇದು ನಿಮ್ಮದೇ ಏನ್ರೀ ಎಂದು ಕೇಳಿದರು. ನೀವು ನೋಡಿ ಹೇಳಿದಿರಿ: “ಸಹಿ ನಂದ ಅದರಿ. ಬರದದ್ದು ನಂದಲ್ರಿ.” ಅವರು ನನ್ನ ಕಡೆ ತಿರುಗಿದರು. ಆಗ ಒಂದು ಮಾತು ಸಾಕಿತ್ತು. ನನ್ನ ಬಾಯಿಂದ ಬಂದದ್ದು ಇದು — “ಆಪಾ ಹೇಳಿದ್ದನ್ನ ನಾ ಬರಕೊಂಡೇನ್ರಿ ಸರ್.”

ನೀವು ನನ್ನನ್ನು ನೋಡಿದಿರಿ. ಆಮೇಲೆ ನಮೂನೆಯನ್ನು ಅವರ ಕೈಗೆ ಮರಳಿ ಕೊಟ್ಟು, ಮಕ್ಕಳ ಕಡೆ ತಿರುಗಿದಿರಿ.

ಅವರ ಜೀಪು ಹೋದ ಮೇಲೆ ನೀರಿನ ಟಾಕಿಯ ಹತ್ತಿರ ನನ್ನನ್ನು ಕರೆದಿರಿ. ಬೈಯುತ್ತೀರಿ, ಹೊಡೆಯುತ್ತೀರಿ ಎಂದುಕೊಂಡೇ ಬಂದೆ. “ಮ್ಯಾಲಿನವರು ಹಂಗ ಬರಿ ಅಂದಾರೇನ ಬೇ?” ಎಂದು ಕೇಳಿದಿರಿ. ನಾನು ಹೂಂ ಎಂದೆ. ಎಷ್ಟು ಬೇಗ ಹೂಂ ಎಂದೆ! “ಹಂಗಾದ್ರ ನೀ ಸುಮ್ಮನಿರು. ನಿಂದು ಸರ್ವಿಸು ಇನ್ನಾ ಬಾಳ ಅದ. ನಂದೇನು, ಮುಗಿಲಿಕ್ಕ ಬಂತು” ಎಂದು ನನ್ನ ಕಣ್ಣು ಒರೆಸಿದಿರಿ. ಸುಳ್ಳು ಮಾಹಿತಿ ಕೊಟ್ಟಿದ್ದೀರಿ ಎಂದು ನೋಟಿಸು ಬಂದಾಗ ‘ತಪ್ಪಾಗಿದೆ’ ಎಂದಷ್ಟೇ ಉತ್ತರ ಬರೆದಿರಿ. ಪುಸ್ತಕ ತಿದ್ದುವ ಕಮ್ಮಟಕ್ಕೆ ನಮ್ಮ ಭಾಗದಿಂದ ನಿಮ್ಮ ಹೆಸರಿತ್ತು, ತೆಗೆದು ನನ್ನದನ್ನು ಹಾಕಿದರು. ನಿಮ್ಮನ್ನು ಜೇವರ್ಗಿ ಕಡೆಗೆ ವರ್ಗ ಮಾಡಿದರು.

ಆ ಕಮ್ಮಟಕ್ಕೆ ನಾನು ಹೋದೆ. ಮೂರು ದಿನ ಕೂತೆ. ನಿಮ್ಮ ನಾಲ್ಕು ಹಾಳೆಗಳಲ್ಲಿ ಇದ್ದದ್ದೆಲ್ಲ ನನಗೆ ಬಾಯಿಪಾಠವಾಗಿತ್ತು, ಆದರೂ ಹೇಳಲಿಲ್ಲ — ಹೇಳಿದರೆ, ಹಾಗಾದರೆ ಆ ವರದಿ ಯಾರು ಬರೆದದ್ದು ಎಂಬ ಪ್ರಶ್ನೆ ಏಳುತ್ತಿತ್ತು. ಬೇರೆ ಶಾಲೆಗಳೆಲ್ಲ ಚೆನ್ನಾಗಿದೆ ಎಂದಿದ್ದವು, ಪುಸ್ತಕ ಹಾಗೇ ಅಚ್ಚಾಯಿತು. ಈಗ ಆಳಂದ, ಅಫಜಲಪುರ, ಜೇವರ್ಗಿ, ಎಲ್ಲಿ ಹೋದರೂ ಅದೇ ಪುಸ್ತಕ. ನೀವೇ ಬೇಡವೆಂದ ಪಾಠವನ್ನು ನೀವೇ ಮಾಡುತ್ತಿದ್ದೀರಿ. ಹೇಗೆ ಮಾಡುತ್ತೀರಿ ಎಂದು ಕೇಳಲು ಎರಡು ಸಲ ನಿಮ್ಮೂರಿನ ಬಸ್ಸು ಹತ್ತಿ, ಎರಡು ಸಲವೂ ನಡುವೆ ಇಳಿದು ಮರಳಿದ್ದೇನೆ.

ಈಗ ಪುಸ್ತಕವನ್ನು ಮತ್ತೆ ಪರಿಶೀಲಿಸುತ್ತಿದ್ದಾರೆ. ಹೋದ ವಾರ ಆಳಂದ ತಾಲ್ಲೂಕಿನ ಒಂದು ಹಳ್ಳಿಗೆ ತಂಡದ ಜೊತೆ ನಾನೂ ಹೋಗಿದ್ದೆ. ಅದೇ ತಿಂಡಿಯ ಪಾಠ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಎರಡು ಜಡೆಯ ತುದಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಅಲ್ಲಿನ ಟೀಚರ್ ಅವಳ ಹೆಸರಿನ ಮುಂದೆ ‘ಸ್ಪಂದಿಸಲಿಲ್ಲ’ ಎಂದು ಬರೆದುಕೊಂಡರು. ತಂಡದವರೊಬ್ಬರು ನನ್ನನ್ನು ಕೇಳಿದರು, ಕರಡು ಇದ್ದಾಗ ಈ ಬಗ್ಗೆ ಯಾವ ಶಿಕ್ಷಕರೂ ಹೇಳಲಿಲ್ಲವೇ ಎಂದು. “ಇಲ್ರಿ ಸರ್, ಯಾರೂ ಹೇಳಿಲ್ಲ” ಎಂದೆ. ನಾಲಿಗೆ ತೊದಲಲೂ ಇಲ್ಲ. ಅವತ್ತಿನಿಂದ ಅನ್ನ ಸೇರುತ್ತಿಲ್ಲ, ಒಂದು ಕಡೆ ಕೂರಲಾಗುತ್ತಿಲ್ಲ, ಯಾರಾದರೂ ಮಾತಾಡಿಸಿದರೆ ಸಿಡುಕುತ್ತೇನೆ. ಒಂದು ಸಲ ಹೆದರಿ ಸುಳ್ಳು ಹೇಳಿದವಳು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಈ ಸಲ ಯಾವ ಹೆದರಿಕೆಯೂ ಇರಲಿಲ್ಲ, ಅಭ್ಯಾಸವಾಗಿ ಬಂತು.

ಸೋಮವಾರ ಆ ತಂಡದ ಕೊನೆಯ ಸಭೆ. ನೀವು ಬರೆದಿದ್ದನ್ನು ನೆನಪಿದ್ದಷ್ಟು ಬರೆದಿದ್ದೇನೆ, ಮೇಲೆ ನಿಮ್ಮ ಹೆಸರು ಹಾಕಿದ್ದೇನೆ. ಅದರ ಜೊತೆಗೆ ಈ ಕಾಗದದ ಪ್ರತಿಯನ್ನೂ ಎಲ್ಲರ ಎದುರಿಗೆ ಕೊಡುತ್ತೇನೆ. ಪುಸ್ತಕ ಬದಲಾಗುತ್ತದೋ ಇಲ್ಲವೋ ತಿಳಿಯದು. ನಿಮ್ಮ ನೋಟಿಸು ರದ್ದಾಗುವುದೋ, ಅದೂ ತಿಳಿಯದು. ಮೂರು ವರ್ಷ ಒಂದನೇ ತರಗತಿಗೆ ಬಂದು ಹೋದ ಮಕ್ಕಳಿಗಂತೂ ಏನನ್ನೂ ಮರಳಿ ಕೊಡಲಾರೆ.

ತಂಡದವರು ನಿಮಗೆ ಫೋನ್ ಮಾಡಿ ಕೇಳುತ್ತಾರೆ. ಹೋಗಲಿ ಬಿಡ್ರಿ, ಸಣ್ಣಾಕಿ, ತಿಳೀಲಿಲ್ಲ ಎಂದು ನೀವು ಹೇಳುತ್ತೀರಿ, ನನಗೆ ಗೊತ್ತು ನಿಮ್ಮ ಸ್ವಭಾವ. ಹಾಗೆ ಹೇಳಬೇಡಿ. ಆದದ್ದನ್ನು ಆದ ಹಾಗೆ ಹೇಳಿ. ಈ ಸಲ ನನ್ನನ್ನು ಉಳಿಸಬೇಡಿ, ಆಪಾ.