ತಿಮ್ನಾದ ಸುರಂಗ ಗುಡಿಸುವ ಜೋಹರಾ

ಸೂರ್ಯ ಇನ್ನೂ ಎದೋಮ್ ಬೆಟ್ಟಗಳ ಆಚೆಗೇ ಇದ್ದಾನೆ. ದಕ್ಷಿಣ ಇಸ್ರೇಲಿನ ತಿಮ್ನಾ ಕಣಿವೆಯ ಕೆಂಪು ಬಂಡೆಗಳಿಗೆ ಬಣ್ಣ ಬಂದಿಲ್ಲ, ಎಲ್ಲವೂ ಬೂದಿ ಬೂದಿ. ಜೋಹರಾ ವಕ್ನಿನ್ ಹಳೆಯ ತಾಮ್ರದ ಗಣಿಯೊಂದರ ಬಾಯಲ್ಲಿ ನಿಂತು ಜೋರಾಗಿ ಚಪ್ಪಾಳೆ ತಟ್ಟುತ್ತಾರೆ. ಒಳಗಿನಿಂದ ಕಾಡುಮೇಕೆಯೊಂದು ಎದ್ದು ಬಂದು, ಅವರನ್ನು ದುರುಗುಟ್ಟಿ ನೋಡಿ, ಅವಸರವಿಲ್ಲದೆ ಹೊರಗೆ ನಡೆಯುತ್ತದೆ.

"ನಡಿ ಮಹಾರಾಣಿ, ನಡಿ. ಮಲಗೋಳು ನೀನು, ಹಿಕ್ಕೆ ಬಳಿಯೋಳು ನಾನು," ಎನ್ನುತ್ತ ಜೋಹರಾ ಗಿಡ್ಡ ಹಿಡಿಯ ಪೊರಕೆ ಹಿಡಿದು ಮಂಡಿಯೂರುತ್ತಾರೆ.

ಮೂರು ಸಾವಿರ ವರ್ಷಕ್ಕೂ ಹಿಂದೆ ತಾಮ್ರಕ್ಕಾಗಿ ಉಳಿಯಿಂದ ಕೊರೆದ ಸುರಂಗಗಳಿವು. ಪ್ರವಾಸಿಗರು ಇವುಗಳೊಳಗೆ ತೆವಳಿ ಆಚೆ ಬದಿಯಲ್ಲಿ ಏಳುತ್ತಾರೆ. ಅವರು ಬರುವಷ್ಟರೊಳಗೆ ಗಾಳಿ ತಂದು ತುಂಬಿದ ಮರಳು ತೆಗೆಯಬೇಕು, ಮಂಡಿಗೆ ಚುಚ್ಚುವ ಹರಳು ಆರಿಸಬೇಕು, ಹಾವಿಲ್ಲವೆಂದು ನೋಡಬೇಕು. ಬಿಸ್ಕತ್ತಿನ ಹಾಳೆ, ಮಗುವಿನ ಒಂಟಿ ಚಪ್ಪಲಿ, ಒಮ್ಮೆ ಹಲ್ಲುಸೆಟ್ಟು ಕೂಡ ಸಿಕ್ಕಿದೆ. ಬಂದವರೆಲ್ಲ ಅಣಬೆಯಾಕಾರದ ಬಂಡೆಯ ಮುಂದೆ, ಸೊಲೊಮೋನನ ಕಂಬಗಳೆಂಬ ಎತ್ತರದ ಬಂಡೆಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಗುಡಿಸಿದ ನೆಲದ ಫೋಟೊ ಯಾರಿಗೆ ಬೇಕು?

ಜೋಹರಾ ಹುಟ್ಟಿದ್ದು ಹತ್ತಿರದ ಬಂದರು ಊರು ಏಲತ್‌ನಲ್ಲಿ, ಮೊರಾಕ್ಕೊದಿಂದ ಬಂದ ತಂದೆತಾಯಿಗೆ. ಕಡಲ ದಂಡೆಯ ಹೋಟೆಲಿನಲ್ಲಿ ಕೋಣೆ ಚೊಕ್ಕ ಮಾಡುತ್ತ ಯೌವನ ಕಳೆಯಿತು. ಹೋಟೆಲು ಕೈ ಬದಲಾದಾಗ ಹಳೆಯ ಹೆಂಗಸರನ್ನೆಲ್ಲ ಕೆಲಸದಿಂದ ಬಿಡಿಸಿದರು. "ಅಲ್ಲಿ ಹಾಸಿಗೆ ಕೊಡವ್ತಿದ್ದೆ, ಇಲ್ಲಿ ಬೆಟ್ಟ ಕೊಡವ್ತೀನಿ," ಎಂದು ನಗುತ್ತಾರೆ. ಮೊದಲ ವಾರ ಮಾತ್ರ ನಗುವಿರಲಿಲ್ಲ. ಇಕ್ಕಟ್ಟಿನ ಜಾಗವೆಂದರೆ ಅವರಿಗೆ ಜೀವಭಯ. "ಒಳಗೆ ಹೋಗಿ ಅಳ್ತಿದ್ದೆ. ಹೊರಗೆ ಬಂದು ಕಣ್ಣಿಗೆ ಮರಳು ಬಿತ್ತು ಅಂತಿದ್ದೆ. ಎಲ್ಲರೂ ನಂಬೋರು."

ಸುರಂಗಗಳ ಅಭ್ಯಾಸವಾಯಿತು. ಆದರೆ ಕಳೆದ ವಸಂತದಲ್ಲಿ, ಯೆಹೂದಿಗಳ ಪಾಸ್ಕ ಹಬ್ಬದ ಮರುವಾರ, ಬಿಸಿಗಾಳಿ ಎದ್ದ ದಿನ ನಡೆದದ್ದು ಇವತ್ತಿಗೂ ಅವರಿಗೆ ಬಗೆಹರಿದಿಲ್ಲ.

ಆ ಬೆಳಿಗ್ಗೆ ವೃದ್ಧಾಶ್ರಮವೊಂದರ ಬಸ್ಸು ಬಂದಿತ್ತು. ಸ್ವಲ್ಪ ಹೊತ್ತಿಗೆ ಗೇಟಿನ ಮೇಲ್ವಿಚಾರಕ ಓಫಿರ್ ವಾಕಿಟಾಕಿಯಲ್ಲಿ ಕೂಗಿದ: "ಜೋಹರಾ, ಒಬ್ಬ ತಾತ ಕಾಣ್ತಿಲ್ಲ. ನೀಲಿ ಟೋಪಿ. ನೀರೂ ಒಯ್ದಿಲ್ಲವಂತೆ." ಉಳಿದವರು ಜೀಪು ಹತ್ತಿ ರಸ್ತೆಗಳಲ್ಲಿ ಹುಡುಕತೊಡಗಿದರು. ಜೋಹರಾಗೆ ಪಕ್ಕದ ಸುರಂಗದಿಂದ ಟಕ್ ಟಕ್ ಸದ್ದು ಕೇಳಿಸಿತು.

ಒಳಗೆ, ಹಗ್ಗ ಕಟ್ಟಿ ಮುಚ್ಚಿದ ಕವಲಿನ ಮುಂದೆ, ನೀಲಿ ಟೋಪಿಯ ಮುದುಕ ಕುಕ್ಕರುಗಾಲಲ್ಲಿ ಕೂತು ಕಲ್ಲಿನಿಂದ ಗೋಡೆ ಕುಟ್ಟುತ್ತಿದ್ದರು. ತುಟಿ ಒಡೆದಿತ್ತು. ಹೆಸರು ಲಾಜರ್ ಹೆರ್ಷ್ಕೊವಿಚ್ ಎಂದು ಆಮೇಲೆ ತಿಳಿಯಿತು.

"ಅಜ್ಜ, ಬನ್ನಿ. ಹೊರಗೆ ಎಲ್ಲರೂ ನಿಮ್ಮನ್ನ ಹುಡುಕ್ತಿದಾರೆ."

"ಹುಡುಕಬೇಕಾದ್ದು ನನ್ನನ್ನಲ್ಲ. ಯಾಂಕು ಒಳಗಿದಾನೆ."

"ಯಾಂಕು ಯಾರು?"

"ಯಾಂಕು ಅಂದ್ರೆ ಯಾಂಕು! ನೀನೇನು ಈ ಗಣಿಗೆ ಹೊಸಬಳಾ?"

ನೀರಿನ ಬಾಟಲಿ ಕೊಟ್ಟರೆ ಅದನ್ನೂ ಮುಟ್ಟಲಿಲ್ಲ. "ಮೊದಲು ಅವನಿಗೆ," ಎಂದರು. ಜೋಹರಾ ಸುರಂಗದ ಬಾಯಿಗೆ ಬಂದು ಓಫಿರ್‌ನನ್ನು ಕರೆದರು. "ಒಬ್ಬರು ಸಿಕ್ಕಿದಾರೆ. ಕಳೆದಿರೋದು ಒಬ್ಬರಾ, ಇಬ್ಬರಾ?"

"ಒಬ್ಬರೇ. ಇರು... ಆಶ್ರಮದ ದಾದಿ ಎಣಿಸ್ತಿದಾರೆ. ಒಂದ್ಸಲ ಒಬ್ಬರು ಕಮ್ಮಿ ಅಂತಾರೆ, ಇನ್ನೊಂದ್ಸಲ ಇಬ್ಬರು. ಯಾರೂ ಕೂತಲ್ಲಿ ಕೂರ್ತಿಲ್ಲ ಕಣೇ!"

ಜೋಹರಾಗೆ ದಿಕ್ಕೇ ತೋಚಲಿಲ್ಲ. ಇದು ಮರೆವಿನ ಮಾತೋ, ನಿಜವಾಗಿಯೂ ಇನ್ನೊಬ್ಬ ಮುದುಕ ಒಳಗೆ ಬಿದ್ದಿದ್ದಾನೋ? ಹಗ್ಗದಾಚೆಯ ಕವಲಿಗೆ ಅವರು ಯಾವತ್ತೂ ಇಳಿದವರಲ್ಲ. ಟಾರ್ಚು ಹಲ್ಲಲ್ಲಿ ಕಚ್ಚಿ ಹಗ್ಗದಡಿ ತೂರಿದರು. ಬೆನ್ನಿಗೆ ಚಾವಣಿ ತಾಗುತ್ತಿತ್ತು. ಒಂದು ಕಡೆ ತೆವಳುವುದು ನಿಲ್ಲಿಸಿ, ಟಾರ್ಚು ಕೈಗೆ ತೆಗೆದುಕೊಂಡು "ಯಾಂಕೂ!" ಎಂದು ಕರೆದರು. ಕರೆದದ್ದಕ್ಕೆ ನಾಚಿಕೆಯಾಯಿತು. ಮರುಗಳಿಗೆಯೇ, ಯಾರಾದರೂ ಓಗೊಟ್ಟುಬಿಟ್ಟರೆ ಎಂದು ಮೈ ಬೆವರಿತು.

ಕೊನೆಯಲ್ಲಿ ಇದ್ದದ್ದು ಗೋಡೆ, ಒಂದು ಗುಡ್ಡೆ ಮರಳು. ಮರಳಿನೊಳಗೆ ಕೈಯಾಡಿಸಿದರು. ಏನೂ ಇರಲಿಲ್ಲ. ತಿರುಗಲು ಜಾಗವಿಲ್ಲದೆ ಹಿಂದಕ್ಕೇ ತೆವಳಿ ಬಂದರು.

"ಅವನು ಆಗಲೇ ಹೊರಗೆ ಬಂದ ಅಂತ ಸುಳ್ಳು ಹೇಳೋಕೆ ಬಾಯಿಗೆ ಬಂದಿತ್ತು. ಆದ್ರೆ ಹೊರಗೆ ಹೋದ್ಮೇಲೆ ಯಾಂಕು ಎಲ್ಲಿ ಅಂತ ಕೇಳಿದ್ರೆ ಯಾರನ್ನ ತೋರಿಸ್ಲಿ?" ಎನ್ನುತ್ತಾರೆ ಜೋಹರಾ. ಹಾಗಾಗಿ ಇದ್ದದ್ದನ್ನೇ ಹೇಳಿದರು. "ಒಳಗೆ ಯಾರೂ ಇಲ್ಲ, ಅಜ್ಜ."

ಮುದುಕ ಅವರ ತರಚಿದ ಮಂಡಿ ನೋಡಿದರು. "ಕೊನೇವರೆಗೂ ಹೋದ್ಯಾ?"

"ಹೋದೆ."

"ಗೋಡೆ ಮುಟ್ಟಿದ್ಯಾ?"

"ಮುಟ್ಟಿದೆ."

ಲಾಜರ್ ಕೈಯ ಕಲ್ಲನ್ನು ಮೆಲ್ಲಗೆ ನೆಲಕ್ಕಿಟ್ಟರು. ಬಾಟಲಿ ತೆಗೆದುಕೊಂಡು ಗಟಗಟ ಕುಡಿದರು. ಆಮೇಲೆ, "ಹಾಗಾದ್ರೆ ನಡಿ," ಎಂದು ಕೈ ನೀಡಿದರು.

ಬಸ್ಸಿನಲ್ಲಿ ಉಳಿದವರೆಲ್ಲ ಇದ್ದರು. ದಾದಿ ಎರಡನೆಯ ಸಲ ತಮ್ಮನ್ನೇ ಎಣಿಸಲು ಮರೆತಿದ್ದರಂತೆ. ಆದರೆ ಗೊಂದಲ ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಧನ್ಯವಾದ ಹೇಳಲು ಫೋನ್ ಮಾಡಿದ ಲಾಜರ್ ಅವರ ಮಗಳು ಒರಿತ್‌ಗೆ ಜೋಹರಾ ಯಾಂಕುವಿನ ವಿಷಯ ತಿಳಿಸಿದರು.

"ಗಣೀನಾ? ಅಪ್ಪ ರೊಮೇನಿಯಾದಲ್ಲೂ ದರ್ಜಿ, ಇಲ್ಲೂ ದರ್ಜಿ. ಯಾಂಕು ಅನ್ನೋ ಹೆಸರೇ ನಮ್ಮನೇಲಿ ಕೇಳಿಲ್ಲ. ನಿಮ್ಮ ಹತ್ರ ಇನ್ನೇನಾದ್ರೂ ಹೇಳಿದ್ರಾ?"

ಯಾಂಕು ಯಾರೆಂದು ಜೋಹರಾ ಅವಳನ್ನು ಕೇಳಬೇಕೆಂದಿದ್ದರು, ಅವಳೇ ಇವರನ್ನು ಕೇಳಿದ್ದಳು. ಆಮೇಲೆ ಒರಿತ್ ಅಪ್ಪನನ್ನು ಕೇಳಿದರೆ, "ಸಿಗಲಿಲ್ಲ, ಆದ್ರೆ ಒಳಗೆ ಹೋಗಿ ನೋಡಿದಾರೆ," ಎಂದಷ್ಟೇ ಹೇಳಿ ಹೊದ್ದು ಮಲಗಿದರಂತೆ.

"ಹೆಸರು ತಪ್ಪಿತೋ, ಊರು ತಪ್ಪಿತೋ, ಬೇರೆ ಯಾರದೋ ಸಂಕಟ ತಲೇಲಿ ಹೊಕ್ಕಿತ್ತೋ, ನನಗಂತೂ ತಿಳೀಲಿಲ್ಲ. ಮಗಳಿಗೆ ಹೇಳಬಾರದಿತ್ತೇನೋ. ಅದೂ ತಿಳೀದು," ಎಂದು ಜೋಹರಾ ಪುದೀನ ಚಹಾ ಬಗ್ಗಿಸುತ್ತಾರೆ.

ಓಫಿರ್ ಜೀಪಿನಿಂದಲೇ ಕೆಣಕುತ್ತಾನೆ. "ಏನಮ್ಮಾ, ಯಾಂಕು ಸಿಕ್ಕಿದ್ನಾ?"

"ಇಲ್ಲಪ್ಪ. ಅವನೂ ನಿನ್ನ ಥರ, ಹೊತ್ತಿಗೆ ಸರಿಯಾಗಿ ಬರಲ್ಲ!"

ಅವನು ನಗುತ್ತ ಮುಂದೆ ಹೋದ ಮೇಲೆ ಜೋಹರಾ ಲೋಟ ಕೆಳಗಿಡುತ್ತಾರೆ. ಹಗ್ಗದಾಚೆಯ ಕವಲು ಅವರ ಕೆಲಸಕ್ಕೆ ಸೇರಿದ್ದಲ್ಲ, ಹೋಗೆಂದು ಯಾರೂ ಹೇಳಿಲ್ಲ. ಆದರೂ ಟಾರ್ಚು ಹುಡುಕಿಕೊಂಡು ಅತ್ತಲೇ ನಡೆಯುತ್ತಾರೆ.

"ನಾನು ಒಳಗೆ ಯಾರೂ ಇಲ್ಲ ಅಂತ ಹೇಳಿದ್ರೆ," ಎನ್ನುತ್ತಾರೆ ಹಗ್ಗದ ಮುಂದೆ ಸೊಂಟ ಬಗ್ಗಿಸುತ್ತ, "ಹೋಗಿ ನೋಡಿಯೇ ಹೇಳಿರ್ತೀನಿ."