ಇಟಲಿಯಲ್ಲಿ ಸತ್ತ ಮಾಳಪ್ಪ, ಕಂದಲಗಾಂವದ ಸಮಾಧಿ

ಸೊಲ್ಲಾಪುರದಲ್ಲಿ ಸೈನಿಕರ ಕುಟುಂಬಗಳ ಕೆಲಸ ನೋಡುವ ಸರಕಾರಿ ಕಚೇರಿಯಲ್ಲಿ ನಾನು ಹಿರಿಯ ಗುಮಾಸ್ತೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗಿನ ಮಾತು ಇದು. ಈ ಆಷಾಢದಲ್ಲಿ ನಮ್ಮ ಯಜಮಾನರು ತೀರಿಕೊಂಡ ಮೇಲೆ, ಹಳೆಯ ಪ್ರಕರಣಗಳಲ್ಲಿ ಇದೊಂದೇ ಮತ್ತೆ ಮತ್ತೆ ನೆನಪಾಗುತ್ತಿದೆ.

ಕಂದಲಗಾಂವದ ಬಾಳವ್ವ ಕುರಿ ಸಾಕುವ ಮನೆಯ ಮುದುಕಿ. ಅವಳಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ತಂದೆ ಮಾಳಪ್ಪ ಎರಡನೇ ಮಹಾಯುದ್ಧಕ್ಕೆ ಹೋಗಿ ಇಟಲಿಯಲ್ಲಿ ಸತ್ತಿದ್ದ. ಆದರೂ ಅವನ ಸಮಾಧಿ ಅವರ ಹೊಲದಲ್ಲಿತ್ತು. ರಸ್ತೆ ಅಗಲ ಮಾಡಲು ಈಗ ಅದನ್ನು ಸರಿಸಬೇಕಿತ್ತು. ಅದಕ್ಕೇ ಮಗನೊಂದಿಗೆ ನಮ್ಮ ಕಚೇರಿಗೆ ಬಂದಿದ್ದಳು.

"ಒಳಗ ಅಪ್ಪನ ಎಲುವು ಅದಾವೇನ್ರಿ ಬಾಯಾರ? ಇದ್ರ ಕೈಲೆ ತೆಗೀಬೇಕು. ಮಶೀನ ಹಚ್ಚಗೊಡಂಗಿಲ್ಲ" ಎಂದಳು.

ಮಗ ಬೀರಪ್ಪ ಬೇಸತ್ತಿದ್ದ. "ಒಂದೂವರಿ ತಾಸಿನ ಕೆಲಸ್ರಿ. ಮಶೀನಿನ ಮುಂದ ಹೋಗಿ ಕುಂತಿದ್ಲು ಈಕಿ."

"ನಾಳೆ ನನ್ನೂ ಮಶೀನಿಲೆ ಎತ್ತಾಂವೇನಲೇ?"

ವಿದೇಶದಲ್ಲಿ ಮಡಿದವರ ದಾಖಲೆ ಇಡುವ ಕಚೇರಿಗೆ ಬರೆದೆ. ಅಲ್ಲಿಂದ ಕ್ಯಾಶುವಲ್ಟಿ ರೆಕಾರ್ಡಿನ ನಕಲು ಬಂತು. ಸೈನಿಕ ಯಾವ ಪಡೆಯವನು, ಎಲ್ಲಿ ಸತ್ತ, ಅಂತ್ಯಕ್ರಿಯೆ ಹೇಗಾಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಹೆಸರು, ಊರು ಎರಡೂ ಹೊಂದಿದವು. ಶವವನ್ನು ಇಟಲಿಯಲ್ಲೇ ದಹನ ಮಾಡಿದ್ದರು. ಅಲ್ಲಿಯ ಸ್ಮಾರಕದ ಗೋಡೆಯ ಮೇಲೆ ಹೆಸರು ಕೆತ್ತಿದ್ದರು.

ನನಗೆ ತೊಡಕಾಯಿತು. ಬಾಳವ್ವನ ಮನೆತನದಲ್ಲಿ ಹೂಳುತ್ತಾರೆ, ಸುಡುವುದಿಲ್ಲ. ಈ ಸುದ್ದಿಯನ್ನು ಟಪಾಲಿನಲ್ಲಿ ಕಳಿಸಲು ಮನಸ್ಸಾಗದೆ ನಾನೇ ಹೋದೆ. ಆದರೆ ಹೊಲದ ಸಮಾಧಿಯಲ್ಲಿ ಇರುವುದೇನು ಎಂಬ ಕುತೂಹಲವೂ ಇತ್ತು, ಸುಳ್ಳೇಕೆ ಹೇಳಲಿ.

"ಸುಟ್ರಾ?" ಎಂದಳು ಬಾಳವ್ವ. ಆಮೇಲೆ ಮಗನ ಕಡೆ ತಿರುಗಿ, "ಆದ್ರೂ ಕೈಲೇನ ತೆಗಿ" ಎಂದಳು.

ಬೀರಪ್ಪ ಕಲ್ಲು ಸರಿಸಿ ಕುರ್ಪಿಯಿಂದ ಮಣ್ಣು ಕೆದರಿದ. ಮೊಳ ಆಳದಲ್ಲಿ ಕಬ್ಬಿಣ ತಾಗಿತು. ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ, ತುಕ್ಕು ಹಿಡಿದು ಬಾಯಿ ಅಂಟಿಕೊಂಡಿತ್ತು. ಸುತ್ತ ಕೊಳೆತ ಉಣ್ಣೆ ಬೆರೆತಂಥ ಒಂದಿಷ್ಟು ಕರಿ ಮಣ್ಣು. ಎಲುಬು ಇರಲಿಲ್ಲ.

ಬಾಳವ್ವ ಕತ್ತರಿಯನ್ನು ಮಡಿಲಿಗೆ ಹಾಕಿಕೊಂಡಳು. "ದೂರ ಸತ್ತಾಂವ ಸಿಗಲಿಲ್ಲಂದ್ರ ಅವನ ಕಂಬಳಿ, ಕತ್ತರಿ ಹೂಳ್ತಿದ್ರಂತ. ನಮ್ಮತ್ತಿ ಅಂತಿದ್ಲು. ನಮ್ಮವ್ವ ಮಾತ್ರ ಬಾಯಿ ಬಿಡಲಿಲ್ಲ ನೋಡ್ರಿ. ಒಳಗ ನಿಮ್ಮಪ್ಪ ಅದಾನ ಅಂತಿದ್ಲು, ಅಷ್ಟ."

ಬೀರಪ್ಪ ಮನೆಯಿಂದ ತನ್ನ ಕಂಬಳಿ ತಂದು ಹಾಸಿದ. ಯಾರೂ ಹೇಳಿರಲಿಲ್ಲ. ಕತ್ತರಿ, ಕರಿ ಮಣ್ಣು ಎರಡನ್ನೂ ಅದರಲ್ಲಿ ಸುತ್ತಿ ಬೇವಿನ ಮರದ ಕೆಳಗೆ ಹೂಳಿದರು.

ಕೆಲಸ ಮುಗಿಯಿತೆಂದು ನಾನು ಏಳುತ್ತಿದ್ದೆ. ಬಾಳವ್ವ ಕೈ ಹಿಡಿದು ಕೂರಿಸಿದಳು.

"ಬಾಯಾರ, ಇನ್ನೊಂದು ಕೇಳಿ ಬರೀರಿ. ಜೀವ ಹೋಗೂವಾಗ ಅಪ್ಪನ ಬಾಯಾಗ ನೀರ ಬಿಡಾಕ ಯಾರರ ಇದ್ರೇನು?"

ನಮ್ಮ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಬೇರೆ ಹಾಳೆಯಲ್ಲಿ ಬರೆದು ಕಳಿಸಿದೆ. ಅಂಥ ವಿವರ ದಾಖಲೆಯಲ್ಲಿಲ್ಲ ಎಂದು ಉತ್ತರ ಬಂತು. ಅದನ್ನೂ ನಾನೇ ಹೋಗಿ ಹೇಳಿದೆ. ಅಂದಿನಿಂದ ನಿವೃತ್ತಿಯವರೆಗೆ, ಯಾವ ಮನೆಯವರು ಬಂದರೂ ಅರ್ಜಿ ತುಂಬಿಸುವ ಮೊದಲು ಕೂರಿಸಿ, ನಿಮಗೆ ತಿಳಿಯಬೇಕಾದದ್ದೇನು ಎಂದು ಕೇಳುತ್ತಿದ್ದೆ.