ದೊಡ್ಡ ಸ್ವಾಮಿಗಳ ವಿಷಯದಲ್ಲಿ ಅಡಿಗೆಯವನು ಕೊಟ್ಟ ಸಾಕ್ಷಿ

ನನ್ನ ಮಗಳು ರೋಸಮ್ಮ ಕಮಲಾಪುರದಲ್ಲಿ ಎರಡು ದಿನದಿಂದ ಹೆರಿಗೆ ನೋವು ತಿನ್ನುತ್ತಿದ್ದಾಳೆ, ಕೂಸು ಹೊರಗೆ ಬರುತ್ತಿಲ್ಲ ಎಂಬ ಸುದ್ದಿ ನನಗೆ ಮುಟ್ಟಿದ್ದು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಎರಡನೆಯ ಬುಧವಾರ. ಬೆಳಗಿನ ಪೂಜೆ ಮುಗಿದಿತ್ತು. ಕಲಬುರಗಿಯ ಮಿಷನ್ ಬಂಗಲೆಯ ಅಡಿಗೆಮನೆಯಲ್ಲಿ ನಾನು ಒಲೆಗೆ ಕಟ್ಟಿಗೆ ಇಡುತ್ತಿದ್ದೆ. ಬಾಳೆಗೊನೆ ಹೇರಿಕೊಂಡು ಬಂದಿದ್ದ ಕಮಲಾಪುರದ ಬಂಡಿಯವನು ಹಿತ್ತಲ ಬಾಗಿಲಲ್ಲೇ ನಿಂತು ಕೂಗಿದ: “ಅಂತೋಣೆಪ್ಪಣ್ಣಾ, ಲಗು ನಡೀರಿ. ನಿಮ್ಮ ಮಂದಿ ಕರಕೊಂಡು ಬಾ ಅಂದಾರ. ದವಾಖಾನಿ ಡಾಕ್ಟರ್ ಪ್ಲೇಗಿನ ಕೆಲಸಕ್ಕ ಹೋಗ್ಯಾರ, ಊರಾಗ ಬ್ಯಾರೆ ಡಾಕ್ಟರ್ ಯಾರೂ ಇಲ್ರೀ.”

ಚೊಚ್ಚಲು ಹೆರಿಗೆ ತವರಿನಲ್ಲಾಗಬೇಕಿತ್ತು. ಆದರೆ ಆ ವರ್ಷ ಕಲಬುರಗಿಯಲ್ಲಿ ಇಲಿ ಬೀಳುತ್ತಿದ್ದವು. ಕೋಟೆಯ ಸುತ್ತಿನ ಮಂದಿಯೆಲ್ಲ ಮನೆಗೆ ಬೀಗ ಹಾಕಿ ಕುಸನೂರ ಕಡೆಯ ಹೊಲಗಳಲ್ಲಿ ತಟ್ಟಿ ಕಟ್ಟಿಕೊಂಡು ಕುಳಿತಿದ್ದರು. ಇಂಥ ಊರಿಗೆ ಬಸುರಿಯನ್ನು ಕರೆತರುವುದು ಹೇಗೆ? ಅದಕ್ಕೇ ನನ್ನ ಹೆಂಡತಿ ಮಾದಲೇನಮ್ಮ ತಾನೇ ಅಳಿಯನ ಮನೆಗೆ ಹೋಗಿದ್ದಳು.

ಸಭೆಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಇದನ್ನು ಬರೆಯುತ್ತಿರುವವನ ಬಾಯಿ ಎಂಥದ್ದು ಎಂಬುದು ನಿಮಗೆಲ್ಲ ಗೊತ್ತು. ನಮ್ಮ ದೊಡ್ಡ ಸ್ವಾಮಿಗಳು, ಅಂದರೆ ಈ ಸೀಮೆಯ ಕಥೋಲಿಕ ಸಭೆಗೆಲ್ಲ ಮುಖ್ಯಸ್ಥರಾಗಿದ್ದವರು, ತೀರಿಕೊಂಡು ನಾಲ್ಕು ವರ್ಷವಾಯಿತು. ಮಣ್ಣು ಮಾಡಿದ ಮರುವಾರದಿಂದಲೇ ಅವರ ಸಮಾಧಿಗೆ ದೀಪ, ಹೂವು ಶುರುವಾದವು. ರೋಮಾಪುರಿಯವರು ಸಂತರೆಂದು ಹೇಳುವ ಮೊದಲು ಹೀಗೆ ದೀಪ ಹಚ್ಚಿದರೆ ಸಂತರೆಂದು ಸಾರಿಸುವ ಕೆಲಸವೇ ಕೆಡುತ್ತದೆಂದು ಹೊಸ ಗುರುಗಳು ಎಷ್ಟು ಬೈದರೂ ಯಾರೂ ಕೇಳಲಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ಅದೇ ಜಗಳ. ಬರಗಾಲದಲ್ಲಿ ಮಿಷನ್ನಿನ ಜೋಳದ ಹಗೇವು ಬರಿದು ಮಾಡಿ ಜಾತಿ ಕೇಳದೆ ಹಂಚಿದರು, ಅವರು ಸಂತರಲ್ಲದೆ ಮತ್ತೇನು ಎಂದು ಉಪದೇಶಿ ರಾಯಪ್ಪ. ಹಂಚಿದ್ದು ಖರೆ, ಆದರೆ ಸಿಟ್ಟು ಬಂದರೆ ಎದುರಿಗಿದ್ದವರನ್ನು ಮನುಷ್ಯರೆಂದೂ ನೋಡುತ್ತಿರಲಿಲ್ಲ ಎಂದು ಇನ್ನು ಕೆಲವರು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ಅವರಿಗೆ ಇಪ್ಪತ್ತೈದು ವರ್ಷ ಊಟಕ್ಕೆ ಹಾಕಿದವನು ನಾನು.

“ನೀ ಹೇಳೋ ಅಂತೋಣೆಪ್ಪ, ಒಳಗಿನವ ನೀ,” ಎನ್ನುತ್ತಿದ್ದ ರಾಯಪ್ಪ.

“ಸಾರಿಗಿ ಉಪ್ಪು ಕಮ್ಮಿ ಆದ್ರ ತಾಟು ದೂಡ್ತಿದ್ರು. ಅಷ್ಟು ಬರ್ಕೋ,” ಎಂದು ಎದ್ದು ಹೋಗುತ್ತಿದ್ದೆ. ಮಂದಿ ನಗುತ್ತಿದ್ದರು. ನನ್ನ ಹೊಟ್ಟೆಯೊಳಗಿದ್ದದ್ದು ಉಪ್ಪಿನ ಮಾತಲ್ಲ ಎಂಬುದು ಮಾದಲೇನಮ್ಮನಿಗೆ ಮಾತ್ರ ಗೊತ್ತಿತ್ತು.

ಈಗ ಎಲ್ಲರಿಗೂ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದ ಹಿಂದೆ, ರೋಸಮ್ಮನಿಗಿಂತ ಮೊದಲು, ನಮಗೊಂದು ಗಂಡು ಕೂಸು ಹುಟ್ಟಿತು. ಅಂದು ಬಂಗಲೆಗೆ ಹೈದರಾಬಾದಿನಿಂದ ದೊಡ್ಡ ದೊಡ್ಡ ಅತಿಥಿಗಳು ಬಂದಿದ್ದರು. ಹೆಂಡತಿಗೆ ನೋವು ಹೆಚ್ಚಾಗಿದೆ, ಹೋಗಿ ಬರುತ್ತೇನೆ ಎಂದು ಕೈಮುಗಿದು ಕೇಳಿದೆ. “ಮೊದಲು ಬಡಿಸು, ಆಮೇಲೆ ಹೋಗು,” ಎಂದರು ಸ್ವಾಮಿಗಳು, ನನ್ನ ಮುಖವನ್ನೂ ನೋಡದೆ. ನಾನು ಬಡಿಸಿದೆ. ಓಡುತ್ತ ಮನೆ ಮುಟ್ಟುವುದರೊಳಗೆ ಕೂಸು ನಾಲ್ಕು ಉಸಿರು ಆಡಿ ಹೋಗಿತ್ತು. ಅಲ್ಲಿದ್ದ ಸೂಲಗಿತ್ತಿಗೆ ನಮ್ಮ ಪದ್ಧತಿ ತಿಳಿಯದು. ನಾನಿದ್ದಿದ್ದರೆ ಒಂದು ಬೊಗಸೆ ನೀರು ಹಾಕಿ ಜ್ಞಾನಸ್ನಾನವನ್ನಾದರೂ ಕೊಡುತ್ತಿದ್ದೆ. ಜ್ಞಾನಸ್ನಾನವಿಲ್ಲದ ಕೂಸಿಗೆ ಮಂತ್ರಿಸಿದ ಭೂಮಿಯಲ್ಲಿ ಜಾಗವಿಲ್ಲ ಎಂದು ಅದೇ ಸ್ವಾಮಿಗಳು ಹೇಳಿದರು. ಸಮಾಧಿ ಭೂಮಿಯ ಗೋಡೆಯ ಹೊರಗೆ, ಜಾಲಿಗಿಡಗಳ ಮಧ್ಯೆ, ನಾನೇ ಅಗೆದು ನಾನೇ ಮುಚ್ಚಿದೆ. ಮರುದಿನ ಅವರಿಗೆ ಮತ್ತೆ ರೊಟ್ಟಿ ಬಡಿದೆ. ಬೇರೆ ಕೆಲಸ ಎಲ್ಲಿತ್ತು ನನಗೆ?

ಅಂದಿನಿಂದ ಅವರು ಸಾಯುವವರೆಗೆ ಅವರ ಜೊತೆ ಅಡಿಗೆಯ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಅವರೂ ಆಡಲಿಲ್ಲ. ಪಾಪನಿವೇದನೆಗೂ ಬೇರೆ ಗುರುಗಳ ಹತ್ತಿರವೇ ಹೋಗುತ್ತಿದ್ದೆ. ನನ್ನ ದೊಡ್ಡ ಪಾಪವನ್ನು, ಅಂದರೆ ಈ ಹಗೆಯನ್ನು, ಅವರ ಹತ್ತಿರವೂ ಹೇಳಲಿಲ್ಲ, ಏಕೆಂದರೆ ಬಿಟ್ಟುಬಿಡು ಎಂದಾರು ಎಂಬ ಹೆದರಿಕೆ.

ಇಂಥವನು ಆ ಬುಧವಾರ ಟಾಂಗಾ ಹತ್ತಿದೆ. ಊರ ಅಂಚಿನಲ್ಲೇ ಪ್ಲೇಗಿನ ಚೌಕಿ. ಬಗಲಲ್ಲಿ ಗಡ್ಡೆ ಎದ್ದಿದೆಯೇ ಎಂದು ನೋಡದೆ, ಚೀಟಿ ಕೊಡದೆ ಯಾರನ್ನೂ ಬಿಡುವಂತಿರಲಿಲ್ಲ. ನೋಡಬೇಕಾದ ಸಾಹೇಬರು ಇನ್ನೂ ಬಂದಿರಲಿಲ್ಲ. ಕಾವಲಿದ್ದ ಜವಾನನ ಕಾಲು ಹಿಡಿಯುವುದೊಂದು ಬಾಕಿ.

“ನನ್ನ ಮಗಳು ಸಾಯಾಕತ್ತಾಳಪ್ಪಾ, ಬಿಡು.”

“ಬಡೇ ಮಿಯಾ, ನಾ ಬಿಟ್ರ ನನ್ನ ನೌಕರಿ ಹೋಗ್ತದ. ಕುಂದ್ರಿ, ಸಾಬ್ ಬರ್ತಾರ,” ಎಂದ ಅವನು. ಕೆಟ್ಟವನಲ್ಲ, ಕುಡಿಯಲು ನೀರು ಕೊಟ್ಟ.

ಬಿಸಿಲು ಏರುತ್ತಿತ್ತು. ಕಲ್ಲಿನ ಮೇಲೆ ಕುಳಿತು ಜಪಮಾಲೆ ತೆಗೆದೆ, ಮಣಿ ಲೆಕ್ಕಕ್ಕೆ ಸಿಗಲಿಲ್ಲ. ದೇವಮಾತೆಯನ್ನು ಕರೆದೆ, ಸಂತ ಅಂತೋಣಿಯವರನ್ನು ಕರೆದೆ. ಆಮೇಲೆ, ಯಾಕೆಂದು ನನಗೂ ತಿಳಿಯದು, ಎಲ್ಲ ಬಿಟ್ಟು ದೊಡ್ಡ ಸ್ವಾಮಿಗಳ ಮೇಲೆ ಹರಿಹಾಯ್ದೆ. ಅದನ್ನು ಪ್ರಾರ್ಥನೆ ಎನ್ನುತ್ತೀರೋ ಜಗಳ ಎನ್ನುತ್ತೀರೋ ನೀವೇ ಹೇಳಿ. “ಸ್ವಾಮೀ, ಮಂದಿ ನಿಮ್ಮನ್ನ ಸಂತರು ಅಂತಾರ. ನಾ ಅನ್ನೂದಿಲ್ಲ. ನಿಮ್ಮ ಊಟದ ಸಲುವಾಗಿ ನನ್ನ ಒಂದು ಕೂಸು ಗ್ವಾಡಿ ಹೊರಗ ಹೋತು. ಇನ್ನೊಂದು ಹೋಗಬಾರ್ದು. ನಾ ಇಲ್ಲಿ ಸಿಕ್ಕೊಂಡೀನಿ, ನಂಗ ಹೋಗಾಕ ಆಗವಲ್ದು. ನೀವು ಎಲ್ಲೇ ಇರ್ರಿ, ಈ ಸಲ ನೀವು ಹೋಗ್ರಿ.” ಹೇಳಿ ಅತ್ತೆ. ಜವಾನ ಮುಖ ಆಚೆ ತಿರುಗಿಸಿಕೊಂಡ.

ಚೀಟಿ ಸಿಕ್ಕಾಗ ಹೊತ್ತು ನೆತ್ತಿಗೆ ಬಂದಿತ್ತು. ಮಹಾಗಾಂವದಲ್ಲಿ ಕುದುರೆಗೆ ನೀರು ಕುಡಿಸಲೇಬೇಕೆಂದು ಟಾಂಗಾದವನು ನಿಲ್ಲಿಸಿದ. ಮತ್ತೆ ಸಿಕ್ಕಿಹಾಕಿಕೊಂಡೆ ಎನ್ನಿಸಿ, ಇಳಿದು ರಸ್ತೆಯಲ್ಲಿ ನಡೆಯತೊಡಗಿದೆ. ಹುಚ್ಚು, ಕುದುರೆಗಿಂತ ಮುಂದೆ ಹೋಗುವ ಆಸೆ. ಅವನು ಹಿಂದಿನಿಂದ ಬಂದು ಬೈದು ಹತ್ತಿಸಿಕೊಂಡ.

ಕಮಲಾಪುರದಲ್ಲಿ ಅಳಿಯನ ಮನೆಯ ಮುಂದೆ ಹೆಂಗಸರು ಗುಂಪಾಗಿ ನಿಂತಿದ್ದರು. ಅಳಿಯ ಗೋಡೆಗೆ ಹಣೆ ಹಚ್ಚಿದ್ದ. ಒಳಗಿನಿಂದ ಅಳುವಿನ ಸದ್ದಿಲ್ಲ. ಹೆತ್ತ ಮನೆಯಲ್ಲಿ ಕೂಸಿನ ಅಳು ಇಲ್ಲದಿದ್ದರೆ ಅದರ ಅರ್ಥ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಗಿಲಿಗೆ ಹೋದೆ. ಆಗ ಒಳಗಿನಿಂದ ಒಬ್ಬ ಮುದುಕಿಯ ದನಿ ಕೇಳಿತು, ನಿಧಾನಕ್ಕೆ, ಶಾಲೆಯ ಪಾಠ ಒಪ್ಪಿಸಿದ ಹಾಗೆ:

“ಪಿತನ, ಸುತನ, ಪವಿತ್ರಾತ್ಮನ ನಾಮದಾಗ ನಾ ನಿನಗ ಜ್ಞಾನಸ್ನಾನ ಕೊಡ್ತೀನಿ.”

ನೀರು ಬಿದ್ದ ಸದ್ದು ಕೇಳಿತು. ಮತ್ತೆ ಸುಮ್ಮನಾಯಿತು. ಆಮೇಲೆ ಚಟ್ ಎಂದು ಹೊಡೆದ ಸದ್ದು, ಅದೇ ಮುದುಕಿಯ ಬೈಗುಳ: “ಅಳೇ ಹರಾಮಿ, ಅಳು!” ಕೂಸು ಅತ್ತಿತು. ಅಯ್ಯೋ ದೇವರೇ, ಎಂಥ ಅಳು ಅದು! ನಾನು ಅಂಗಳದಲ್ಲೇ ನಿಂತು ಶಿಲುಬೆಯ ಗುರುತು ಹಾಕಿಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಆ ಮುದುಕಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಹುಸೇನಬೀ, ಕಮಲಾಪುರದ ಸೂಲಗಿತ್ತಿ, ಐದು ಹೊತ್ತು ನಮಾಜು ಮಾಡುವ ಹೆಂಗಸು. “ಹೆಣ್ಣುಕೂಸು. ಕೊರಳಿಗಿ ಹೊಕ್ಕಳಬಳ್ಳಿ ಸುತ್ತಿತ್ತು, ನೀಲಿ ಆಗಿತ್ತು. ಅಜ್ಜಿ ಮಗಳನ್ನ ಹಿಡಕೊಂಡಿದ್ಲು, ಕೂಸು ನನ್ನ ಕೈಯಾಗಿತ್ತು, ಅದಕ್ಕ ನಾನೇ ನೀರು ಹಾಕ್ದೆ. ತಾಯಿ ಆರಾಮ ಅದಾಳ. ನೀವು ಯಾರ್ರೀ?” ಎಂದಳು.

“ಆ ಹುಡುಗಿ ಅಪ್ಪ. ಅಮ್ಮಾ, ಆ ಮಾತು ನಿಮಗ ಯಾರು ಕಲಿಸ್ಯಾರ?”

“ನಿಮ್ಮ ದೊಡ್ಡ ಪಾದ್ರಿ ಸಾಬ್. ಇಪ್ಪತ್ತು ವರ್ಷ ಆದ್ವು. ಕುದುರಿ ಇಳದು ನಮ್ಮ ಹೊಸ್ತಿಲ ಮ್ಯಾಲ ಕುಂತ್ರು. ನಮ್ಮ ಕ್ರಿಸ್ತಾನ ಮಂದಿ ಮನ್ಯಾಗ ಕೂಸು ಸಾಯೋ ಹಂಗ ಹುಟ್ಟಿದ್ರ ಹಿಂಗ ಮಾಡ್ರಿ, ಹಿಂಗ ಹೇಳ್ರಿ ಅಂದ್ರು. ನಾ ಅಂದೆ, ಸಾಬ್, ನಾ ಮುಸಲ್ಮಾನರಾಕಿ, ನಾ ಹೇಳಿದ್ರ ನಡೀತದೇನ್ರೀ? ನಡೀತದ, ಕ್ರಿಸ್ತಾನರು ಮಾಡೋದನ್ನೇ ಮಾಡಾಕತ್ತೀನಿ ಅಂತ ಮನಸ್ಸಿಟ್ಟು ಮಾಡಿದ್ರ ಸಾಕು ಅಂದ್ರು. ವರ್ಷಕ್ಕೊಮ್ಮಿ ಬಂದು ಬಾಯಿಪಾಠ ಹೇಳಿಸ್ತಿದ್ರು, ಮುದುಕಿ ಎಲ್ಲಿ ಮರ್ತಾಳೋ ಅಂತ.” ಅವಳಿಗೆ ನಗು ಬಂತು. ಆಮೇಲೆ ಹೇಳಿದಳು: “ಯಾಕ ಸಾಬ್ ಇಷ್ಟು ತ್ರಾಸ ಅಂತ ಒಂದು ಸಲ ಕೇಳ್ದೆ. ಅತ್ತ ಕಡಿ ನೋಡ್ಕೋತ ಅಂದ್ರು, ನನ್ನ ಮನ್ಯಾಗ ಅಡಗಿ ಮಾಡಾಂವ ಒಬ್ಬ ಅದಾನ. ಅವ ಹೋಗ್ತೀನಿ ಅಂದ, ನಾ ಬಿಡ್ಲಿಲ್ಲ. ತಪ್ಪು ಮಾಡ್ದಾಂವ ನಾನು, ಗ್ವಾಡಿ ಹೊರಗ ಮಲಗಿದ್ದು ಅವನ ಕೂಸು. ಹಿಂಗಂದು ಅತ್ತುಬಿಟ್ರು. ಅಷ್ಟು ದೊಡ್ಡ ಮನಷ್ಯಾ, ನಂಗ ದಿಕ್ಕು ತಪ್ಪಿದಂಗ ಆತು.”

“ಆ ಅಡಗಿ ಮಾಡಾಂವ ನಾನೇ, ಅಮ್ಮಾ,” ಎಂದೆ.

ಹುಸೇನಬೀ ಬಾಯಿಗೆ ಸೆರಗು ಹಚ್ಚಿಕೊಂಡು ನನ್ನನ್ನೇ ನೋಡಿದಳು. “ಯಾ ಅಲ್ಲಾ. ನಿಮಗ ಹೇಳಿರ್ಲಿಲ್ಲೇನು?”

ಇಲ್ಲ, ನನಗೆ ಹೇಳಿರಲಿಲ್ಲ. ತಿರುಗಿ ಬರುವಾಗ ಮಹಾಗಾಂವದಲ್ಲಿ ಇಳಿದು ಅಲ್ಲಿಯ ಸೂಲಗಿತ್ತಿಯನ್ನು ಹುಡುಕಿ ಕೇಳಿದೆ. ಲಿಂಗ ಕಟ್ಟಿದ ಮುದುಕಿ, ಅವಳೂ ಅದೇ ಮಾತನ್ನು ತಪ್ಪಿಲ್ಲದೆ ಒಪ್ಪಿಸಿದಳು. ಕುಸನೂರಿನವಳೂ ಹೇಳಿದಳು. ಬಂಗಲೆಗೆ ಬಂದು ರಾಯಪ್ಪನನ್ನು ಹಿಡಿದು ಕೇಳಿದರೆ, “ಗೊತ್ತಿತ್ತಪಾ, ನಿನಗ ಹೇಳಬ್ಯಾಡ ಅಂದಿದ್ರು,” ಎಂದು ನೆಲ ನೋಡಿದ. ನನಗೆ ಆಗ ಬಂದ ಸಿಟ್ಟು ಮೊದಲಿನ ಸಿಟ್ಟಿಗಿಂತ ದೊಡ್ಡದು. ಊರೂರು ತಿರುಗಿ ಸೂಲಗಿತ್ತಿಯರ ಮುಂದೆ ಅತ್ತ ಮನುಷ್ಯನಿಗೆ ಬಂಗಲೆಯ ಅಡಿಗೆಮನೆಗೆ ನಾಲ್ಕು ಹೆಜ್ಜೆ ಬರಲಾಗಲಿಲ್ಲವೇ? ಅಂಥ ಅಹಂಕಾರವೇ? ಹಾಗೆಂದು ಬೈಯುತ್ತಲೇ, ನಾನೂ ಆ ನಾಲ್ಕು ಹೆಜ್ಜೆ ಹೋಗಿರಲಿಲ್ಲ ಎಂಬುದು ಹೊಳೆಯಿತು. ಅದು ನನಗೆ ಇಷ್ಟವಾಗಲಿಲ್ಲ.

ಮಳೆಗಾಲದಲ್ಲಿ ಹೈದರಾಬಾದಿನಿಂದ ಒಬ್ಬ ಗುರುಗಳು ದೊಡ್ಡ ಸ್ವಾಮಿಗಳ ವಿಷಯದಲ್ಲಿ ಹೇಳಿಕೆ ಬರೆದುಕೊಳ್ಳಲು ಬಂದರು. ನನ್ನ ಸರದಿಯ ಹಿಂದಿನ ದಿನ ರಾಯಪ್ಪ ಮನೆಗೆ ಬಂದ.

“ಚೌಕಿಯಾಗ ಸ್ವಾಮಿಗಳನ್ನ ಬೇಡಿದೆ, ಸತ್ತ ಕೂಸು ಎದ್ದು ಅತ್ತಿತು ಅಂತ ಹೇಳು. ಗ್ವಾಡಿ ಹೊರಗಿನ ಸುದ್ದಿ ಯಾಕ ಬೇಕು? ರೋಮಾಪುರಿ ತನಕ ಹೋಗೋ ಮಾತು, ಕೆಲಸ ಕೆಡ್ತದ.”

“ಕೂಸು ಸತ್ತಿರ್ಲಿಲ್ಲೋ. ನೀಲಿ ಆಗಿತ್ತು.”

“ಎರಡೂ ಒಂದೇ.”

“ನಿನಗ ಒಂದೇ. ಹೆತ್ತಾಕಿಗಿ ಒಂದಲ್ಲ,” ಎಂದಳು ಮಾದಲೇನಮ್ಮ ಒಳಗಿನಿಂದ.

ಅವನು ಹೋದ ಮೇಲೆ, ಸ್ವಾಮಿಗಳು ಸಂತರಲ್ಲ ಎನ್ನುವ ಕಡೆಯವರು ಬಂದರು. ಅವರಿಗೆ ಗೋಡೆಯ ಹೊರಗಿನ ಕೂಸು ಮಾತ್ರ ಬೇಕಾಗಿತ್ತು, ಹುಸೇನಬೀ ಬೇಡವಾಗಿದ್ದಳು. ಅರ್ಧ ಅವರಿಗೆ, ಅರ್ಧ ಇವರಿಗೆ ಕೊಡಲು ಇದೇನು ರೊಟ್ಟಿಯೇ? ಅವರನ್ನೂ ಕಳಿಸಿದೆ.

ಮರುದಿನ ಸುವಾರ್ತೆಯ ಮೇಲೆ ಕೈಯಿಟ್ಟು ಎಲ್ಲ ಹೇಳಿದೆ. ಊಟ ಬಡಿಸಿದ್ದು, ಗುಂಡಿ ಅಗೆದದ್ದು, ಮಾತು ಬಿಟ್ಟದ್ದು, ಚೌಕಿಯಲ್ಲಿ ಬೈದದ್ದು, ಹುಸೇನಬೀ ಹೇಳಿದ್ದು. ಗುರುಗಳು ಬರೆಯುವುದನ್ನು ನಿಲ್ಲಿಸಿ ಕೇಳಿದರು: “ಕೂಸು ಅತ್ತದ್ದು ಅವರ ಪವಾಡವೆಂದು ನಂಬುತ್ತೀಯಾ?”

“ತಣ್ಣೀರು ಬಿದ್ದದ್ದಕ್ಕ ಅತ್ತಿರಬಹುದು, ಮುದುಕಿ ಹೊಡೆದದ್ದಕ್ಕ ಅತ್ತಿರಬಹುದು. ನಂಗ ಗೊತ್ತಿಲ್ರೀ. ಆದ್ರ ನಾ ‘ನೀವು ಹೋಗ್ರಿ’ ಅಂತ ಬೇಡಿದಾಗ ಅವ್ರು ಅಲ್ಲಿಗಿ ಹೋಗಿ ಇಪ್ಪತ್ತು ವರ್ಷ ಆಗಿತ್ತು. ದೇವರು ನನ್ನ ಬೇಡಿಕಿ ನಾ ಬೇಡೋಕಿಂತ ಮೊದಲ ಕೇಳಿದ್ದ. ಅಷ್ಟು ಗೊತ್ತದ.”

“ಹಾಗಾದರೆ ಇದನ್ನು ಅವರ ಪರ ಎಂದು ಬರೆಯಲೋ, ವಿರುದ್ಧ ಎಂದು ಬರೆಯಲೋ?”

“ಫಾದರ್, ನಾ ಅಡಗಿಯವ. ಇದ್ದದ್ದು ಬಡಿಸೀನಿ. ರುಚಿ ಹೇಳೋರು ನೀವು.”

ಸತ್ತವರನ್ನು ನೆನೆಯುವ ನವೆಂಬರ್ ತಿಂಗಳು ಬಂದಾಗ ನಾನು ದೊಡ್ಡ ಸ್ವಾಮಿಗಳ ಆತ್ಮಕ್ಕಾಗಿ ಒಂದು ಪೂಜೆ ಹೇಳಿಸಿದೆ. ಅವರು ತೀರಿಕೊಂಡ ವರ್ಷದ ನಂತರ ಯಾರೂ ಹೇಳಿಸಿರಲಿಲ್ಲ. ರಾಯಪ್ಪನಿಗೆ ಮೈಯೆಲ್ಲ ಉರಿದುಹೋಯಿತು. “ಸಂತರಿಗಿ ಯಾರರ ಸತ್ತವರ ಪೂಜಿ ಹೇಳಸ್ತಾರೇನೋ? ಅವರು ಸ್ವರ್ಗದಾಗ ಇಲ್ಲ ಅಂದಂಗ ಆತಲ್ಲ!”

“ಈ ಊರಾಗ ಎಲ್ಲಾರೂ ಅವರ ಕಡಿಂದ ಬೇಡ್ತೀರಿ. ಅವರ ಸಲುವಾಗಿ ಬೇಡೋರು ಒಬ್ರೂ ಇಲ್ಲ,” ಎಂದೆ. “ಅವರಿಗಿ ಬೇಕಾಗದಿದ್ರ ಆ ಪೂಜಿ ಬ್ಯಾರೆ ಯಾರಿಗರ ಮುಟ್ತದ, ಹೊಟ್ಟಿ ಉರಕೋಬ್ಯಾಡ.”

ಸಭೆಯವರೇ, ಅವರು ಸಂತರೋ ಅಲ್ಲವೋ ರೋಮಾಪುರಿಯವರು ಹೇಳಲಿ. ನಾನು ಇರುವಾಗ ಹೇಳಲಿಕ್ಕಿಲ್ಲ, ಅದರ ಚಿಂತೆ ನನಗಿಲ್ಲ. ಆ ಪೂಜೆಯಲ್ಲಿ ಸತ್ತವರ ಹೆಸರು ನೆನೆಯುವ ಹೊತ್ತಿಗೆ ಗುರುಗಳು ಸುಮ್ಮನಾದಾಗ, ಮಾದಲೇನಮ್ಮನ ಪಕ್ಕದಲ್ಲಿ ಮೊಣಕಾಲೂರಿ ನಾನು ಅವರ ಹೆಸರು ಹೇಳಿದೆ. “ಸ್ವಾಮೀ, ನನ್ನ ಹತ್ರ ಆಡಬೇಕಾಗಿದ್ದ ಮಾತು ಆ ಮುದುಕಿ ಹತ್ರ ಆಡಿ ಹೋದ್ರಿ. ನಂಗ ಮುಟ್ಟೇದ. ನಾ ನಿಮ್ಮನ್ನ ಕ್ಷಮಾ ಮಾಡೀನಿ. ಇಷ್ಟು ವರ್ಷ ಮಾತು ಬಿಟ್ಟಿದ್ದೆ, ನೀವೂ ನನ್ನ ಕ್ಷಮಾ ಮಾಡ್ರಿ.” ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ ನನಗೆ, ಅದನ್ನು ಹೇಳಲು ಒಂದು ಉಸಿರು ಸಾಕಾಯಿತು. ಆ ಉಸಿರು ಕೊಟ್ಟ ದೇವರಿಗೆ ಸ್ತೋತ್ರ.